ಮಡಚಿಟ್ಟ ಜಮಖಾನ

ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದಾಗ ಫೋನಿನಲ್ಲಿ ಒಂದು ಜಾಹೀರಾತು ಬಂತು. ವ್ಯಾಪಾರಕ್ಕೆ ಯಶಸ್ವಿ ವೆಬ್‌ಸೈಟ್ ಮಾಡುವುದು ಹೇಗೆಂದು ಕಲಿಸುತ್ತಾರಂತೆ, ಅದೂ ಪುಕ್ಕಟೆ. ಪುಕ್ಕಟೆ ಅಂದಕೂಡಲೇ ನನಗೆ ಸಂಶಯ. ಮೇಲಾಗಿ ಈ ವಿದ್ಯೆಗೆ ನಾನೇನು ಹೊಸಬನಲ್ಲ. ನವಲಗುಂದದ ನಮ್ಮ ಓಣಿಯ ಮೊದಲ ವೆಬ್‌ಸೈಟಿಗೆ ಯೋಜನೆ ಬರೆದವನು ನಾನೇ.

ಅದು ಪಕ್ಕದ ಮನೆಯ ಹಸೀನಾ ಚಾಚಿಯ ಜಮಖಾನಗಳಿಗೆ. ಚಾಚಿ ನಮೂನೆಗಳನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡು ನೇಯುವವಳು. ಕಾಗದದ ಮೇಲೆ ಒಂದು ಗೆರೆಯೂ ಇರಲಿಲ್ಲ. ಬೇರೆ ಮನೆಗೆ ಹೋಗುವವರು ಅಂತ ಹೆಣ್ಣುಮಕ್ಕಳಿಗೂ ಕಲಿಸಲಿಲ್ಲ. ಕಲಿಸಿದರೆ ಸೊಸೆಗೆ, ಆದರೆ ಮಗನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಅವಳೇ ಎತ್ತಿ ಆಡಿಸಿದ ನಾನು ಒಳಗೆ ಹೋದರೂ ಮಗ್ಗದ ಮೇಲೆ ಚಾದರ ಎಳೆಯುತ್ತಿದ್ದಳು. ನನಗೇನೂ ಬೇಸರವಾಗುತ್ತಿರಲಿಲ್ಲ. ನನ್ನ ಸ್ವಭಾವವೂ ಅದೇ.

ವೆಬ್‌ಸೈಟ್ ಮಾಡಿಕೊಡಲು ಒಪ್ಪಿದ್ದ ಹುಬ್ಬಳ್ಳಿಯವರು ಜಮಖಾನಗಳ ಫೋಟೊ ಕೇಳಿದಾಗ ಚಾಚಿ ನನ್ನ ಮುಖ ನೋಡಿದಳು. ನಮೂನೆ ಯಾರಾದರೂ ಕದ್ದರೆ? ನಾನೇ ಉಪಾಯ ಹೇಳಿದೆ, ಮಡಚಿಟ್ಟು ಫೋಟೊ ತೆಗೆಯೋಣ ಅಂತ. ಇಂಥ ಅಂಗಡಿಯನ್ನು ನೀವೆಲ್ಲಾದರೂ ಕಂಡಿದ್ದೀರಾ? ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಾನು ಬರೆದ ಯೋಜನೆಯ ತುಂಬ ಏನೇನು ತೋರಿಸಬಾರದು ಎಂಬುದೇ ಇತ್ತು. ಕೊನೆಗೆ ವೆಬ್‌ಸೈಟ್ ತೆರೆದರೆ ಇಸ್ತ್ರಿ ಅಂಗಡಿಯ ಹಾಗೆ ಕಾಣುತ್ತಿತ್ತು.

ಆದರೂ ಪುಣೆಯ ಒಬ್ಬರು ಚಾಚಿಯ ನವಿಲಿನ ಜಮಖಾನ ತರಿಸಿಕೊಂಡರು. ಅದನ್ನು ಹಾಸಿ, ಫೋಟೊ ತೆಗೆದು, ಮೆಚ್ಚುಗೆಯ ಮಾತಿನ ಜೊತೆ ನಮ್ಮ ವೆಬ್‌ಸೈಟಿನಲ್ಲೇ ಹಾಕಿದರು. ನವಿಲು ಪೂರ್ತಿ ಗರಿ ಬಿಚ್ಚಿ ನಿಂತಿತ್ತು. ನಾನೂ ಚಾಚಿಯೂ ಗಾಬರಿಬಿದ್ದು ಆವತ್ತೇ ಅದನ್ನು ಅಳಿಸಿಹಾಕಿಸಿದೆವು. ಅಷ್ಟಕ್ಕೇ ಬಿಡದೆ, ಇದರ ಹಿಂದೆ ನಿಮ್ಮ ಉದ್ದೇಶವೇನು ಎಂದು ನಾನು ಅವರಿಗೆ ಖಾರವಾಗಿ ಬರೆದೆ. ಆ ಪತ್ರದ ಬಗ್ಗೆ ನನಗೆ ಬಹಳ ದಿನ ಹೆಮ್ಮೆಯಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೋದ ವರ್ಷ ಚಾಚಿಗೆ ಲಕ್ವಾ ಹೊಡೆಯಿತು. ಮಾತು ಮರಳಿತು, ಕೈ ಮರಳಿತು, ನವಿಲು ಮಾತ್ರ ಮರಳಲಿಲ್ಲ. ಮೊದಲು ನೇಯ್ದ ನವಿಲುಗಳೆಲ್ಲ ಯಾರ‍್ಯಾರದೋ ಮನೆಯಲ್ಲಿ ಸವೆದು ಚಿಂದಿಯಾಗಿವೆ. ಈಗ ಮನೆಗೆ ಸೊಸೆ ಬಂದಿದ್ದಾಳೆ, ಕಲಿಯಲು ಕಾದಿದ್ದಾಳೆ. ಮೊನ್ನೆ ಚಾಚಿ ನನ್ನನ್ನು ಕರೆಸಿದಳು.

“ಕುತ್ತಿಗಿತನಕ ಬರತೈತಿ ತಮ್ಮಾ. ಮುಂದ ಗರಿ ಎಲ್ಲಿಂದ ಬಿಚ್ಚಬೇಕು, ತಿಳೀವಲ್ದು. ಒಮ್ಮಿ ಕಣ್ಣಿಲೆ ನೋಡಿದ್ರ ಸಾಕು. ಆ ಪುಣೆಯವರನ್ನ ಕೇಳಿ ನೋಡು.”

ಆ ನವಿಲಿನ ಫೋಟೊ ಇದ್ದರೆ ಕಳಿಸಿ ಎಂದು ಅವರಿಗೆ ಬರೆದೆ. ಇವತ್ತು ಮಧ್ಯಾಹ್ನ ಚಾಚಿಯ ಮನೆಯಲ್ಲೇ ಕೂತಿದ್ದಾಗ ಉತ್ತರ ಬಂತು. ನಿಮ್ಮ ಹಳೆಯ ಪತ್ರ ಇನ್ನೂ ನನ್ನ ಹತ್ತಿರ ಇದೆ, ನಿಮ್ಮ ಮೇಲೆ ನನಗೆ ನಂಬಿಕೆಯಿಲ್ಲ, ಫೋಟೊ ಕಳಿಸುವುದಿಲ್ಲ ಎಂದಿದ್ದರು. ಅದರಲ್ಲಿ ಅವರ ತಪ್ಪು ಒಂದೂ ಕಾಣಲಿಲ್ಲ.

“ಏನಂದ್ರು?” ಚಾಚಿ ಕೇಳಿದಳು.

“ಹುಡುಕಿ ಕಳಸ್ತಾರಂತ, ಚಾಚಿ.”

ಅವಳ ಮುಖ ನೋಡುವ ಧೈರ್ಯವಾಗದೆ ಫೋನನ್ನು ಜೇಬಿಗೆ ಹಾಕಿಕೊಂಡೆ. ಜೀವಮಾನವಿಡೀ ಯಾರ ಮಾತನ್ನೂ ನಂಬದ ಚಾಚಿ ನನ್ನ ಮಾತು ನಂಬಿದಳು. ಸೊಸೆಯನ್ನು ಕರೆದು, ಮಗ್ಗಕ್ಕೆ ಹೊಸ ನೂಲು ಏರಿಸಲು ಹೇಳಿದಳು.