ತಾಯವ್ವನ ದವಡೆಯ ಸದ್ದು

ಅಣ್ಣಿಗೇರಿಯ ಗಿರಣಿಗಳಲ್ಲಿ ಬೀಸುವ ಕಲ್ಲು ಸವೆದು ನುಣುಪಾದರೆ ನಮ್ಮ ಓಣಿಯ ತಾಯವ್ವನನ್ನು ಕರೆಯುತ್ತಾರೆ. ಆಕೆ ಮೊದಲು ಉಳಿಯ ಹಿಂಬದಿಯಿಂದ ಕಲ್ಲನ್ನು ಬಡಿದು ಕಿವಿಗೊಡುತ್ತಾಳೆ. ಗಣ್ಣೆಂದರೆ ಗಟ್ಟಿ, ಡಬ್ಬೆಂದರೆ ಒಳಗೆ ಬಿರುಕು. ಆಮೇಲೆ, ಕಾಳು ಹಿಡಿಯುವಂತೆ ಸಣ್ಣ ಸಣ್ಣ ಕಚ್ಚು ಹೊಡೆಯುತ್ತಾಳೆ.

ಆಕೆಯ ಕೆಳಗಿನ ಹಲ್ಲುಗಳೆಲ್ಲ ಹೋಗಿ ಮೂರು ವರ್ಷ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಸುತ್ತಿಗೆಯ ಪ್ರತಿ ಪೆಟ್ಟಿಗೂ ಬಾಯಿಂದ ಜಿಗಿಯುತ್ತಿತ್ತು. ಬರೀ ನುಚ್ಚು, ಅಂಬಲಿ ಉಂಡು ತೋಳು ಸೊರಗಿದ್ದವು. ದವಡೆಯಲ್ಲಿ ಎರಡು ಟೈಟೇನಿಯಂ ತಿರುಪು ಕೂರಿಸಿದರೆ ಸೆಟ್ಟು ನಿಲ್ಲುತ್ತದೆ ಎಂದರು ಧಾರವಾಡದ ಹಲ್ಲಿನ ಡಾಕ್ಟರು ಸೀಮಾ. ಮಾದರಿ ತಿರುಪನ್ನು ತಾಯವ್ವ ಹೆಬ್ಬೆರಳಿನಿಂದ ಸವರಿದಳು.

"ಇದಕ್ಕೂ ಕಚ್ಚು ಹೊಡದಾರಲ್ಲರಿ ಡಾಕ್ಟರ ಬಾಯಾರ!"

"ಹೌದ್ರಿ ಅಜ್ಜಿ. ಒರಟು ಇದ್ರನ ಎಲುಬು ಬೆಳದು ಹಿಡಕೊಳ್ಳತೈತಿ. ಮೂರು ತಿಂಗಳು ಅಲುಗಾಡಿಸಬ್ಯಾಡ್ರಿ. ಅಲುಗಾಡ್ತಂದ್ರ ಎಲುಬಿನ ಬದಲಿ ಮೆತ್ತಗಿನ ಮಾಂಸ ಬೆಳೀತೈತಿ, ತಿರುಪು ತೆಗೀಬೇಕಾಗತೈತಿ. ನಿಮ್ಮ ದವಡಿ ಭಾಳ ತೆಳ್ಳಗೈತಿ. ಎರಡನೇ ಸಲ ಆಗಂಗಿಲ್ಲ."

ತಿರುಪು ಕೂರಿಸಿದ ಎಂಟನೇ ದಿನ ನಾನು ಕಾಲೇಜಿನಿಂದ ಬಂದಾಗ ತಾಯವ್ವ ಪಕ್ಕದ ತನ್ನ ಮನೆಯ ಕಟ್ಟೆಯ ಮೇಲೆ ಬಾಯಿಗೆ ಸೆರಗು ಹಿಡಿದು ಕೂತಿದ್ದಳು. ಮಡಿಲಲ್ಲಿ ಸಣ್ಣ ಉಳಿ.

"ಏನ್ ಮಾಡಿದಿ ಆಯಿ?"

"ಬಡದು ನೋಡಿದ್ನಬೇ. ಬಲಗಡಿದು ಚೊಲೋ ಐತಿ. ಎಡಗಡಿದು ಡಬ್ ಅಂತು. ಖರೇನ ಏನಂತ ಮತ್ತ ಎರಡು ಸಲ ಬಡದೆ... ನಾನ ಸಡಲ ಮಾಡಿದ್ನೋ ಏನೋ. ಬಾಯಾರಿಗೆ ಹೇಳಬ್ಯಾಡ."

ಅಂದಿನಿಂದ ಆಕೆಯ ಮಾತು ಕಡಿಮೆಯಾಯಿತು. ಆಕಳಿಸುವಾಗ ಎಡದವಡೆಗೆ ಅಂಗೈ ಒತ್ತಿ ಹಿಡಿಯುತ್ತಿದ್ದಳು. ಗಿರಣಿಯವರು ಕರೆದರೆ ಹೋಗಲಿಲ್ಲ. ಉಳಿಯನ್ನು ನಮ್ಮ ಮನೆಯಲ್ಲಿ ತಂದಿಟ್ಟಳು, ಕೈ ಮತ್ತೆ ಅತ್ತ ಹೋದೀತೆಂದು.

"ಒಳಗ ಎಲುಬು ಬೆಳಿಯಾಕತ್ತೈತೋ, ಮಾಂಸ ಬೆಳಿಯಾಕತ್ತೈತೋ," ಎನ್ನುತ್ತಿದ್ದಳು. "ಕಲ್ಲಾದ್ರ ತಿರುವಿ ಹಾಕಿ ನೋಡಬಹುದಿತ್ತು."

ಮೂರು ತಿಂಗಳಿಗೆ ಬಸ್ಸಿನಲ್ಲಿ ನಾನೇ ಕರೆದೊಯ್ದೆ. ಸೀಮಾ ಎಕ್ಸರೇ ನೋಡಿದರು. ಬಾಯೊಳಗೆ ನೋಡುವ ಸಣ್ಣ ಕನ್ನಡಿಯನ್ನು ತಿರುಗಿಸಿ, ಅದರ ಹಿಡಿಕೆಯಿಂದ ಬಲಗಡೆಯ ತಿರುಪನ್ನು ಬಡಿದರು. ಗಣ್ಣೆಂದಿತು. ಅವರೂ ಬಡಿದೇ ನೋಡುವವರೆಂದು ನಮಗೆ ಗೊತ್ತಿರಲಿಲ್ಲ. ತಾಯವ್ವ ನನ್ನ ಮಣಿಕಟ್ಟು ಹಿಡಿದಳು. ಹಿಡಿಕೆ ಎಡಕ್ಕೆ ಸರಿಯುವಷ್ಟರಲ್ಲಿ ಬಾಯಿ, ಕಣ್ಣು ಎರಡನ್ನೂ ಮುಚ್ಚಿಬಿಟ್ಟಳು.

"ಬಾಯಿ ತೆರೀರಿ ಅಜ್ಜಿ."

"ಎಂಟನೇ ದಿನಾನ ನಾ ಬಡದೇನ್ರಿ ಬಾಯಾರ. ಸದ್ದು ನನಗ ತಿಳಿತೈತಿ. ನೀವೇನೂ ಹೇಳೂದು ಬ್ಯಾಡ."

ಸೀಮಾ ಬೈಯಲಿಲ್ಲ. "ತೆರೀರಿ," ಎಂದರಷ್ಟೇ.

ಬಡಿದರು. ಎಡಗಡೆಯದೂ ಸಣ್ಣಗೆ ಗಣ್ಣೆಂದಿತು.

ತಾಯವ್ವ ಕಣ್ಣು ತೆರೆಯಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ.

"ಇನ್ನೊಮ್ಮೆ ಬಡೀರಿ," ಅಂದಳು.