ಬೇರೆ ಥರದ ಬೈಕು

ಶುಕ್ರವಾರ ಸಂಜೆ, ಕರಿದ ಮೀನು ತಿನ್ನಲು ಊರಿಗೆ ಊರೇ ಸೇರುವ ಬಾರಿನ ಮುಂದೆ, ನಾನು ಬೈಕಿನ ಸಮೇತ ಬಿದ್ದೆ. ಬಿದ್ದೆ ಅನ್ನುವುದೂ ದೊಡ್ಡ ಮಾತೇ. ಬೈಕು ಆಗಲೇ ನಿಂತಿತ್ತು. ಗತ್ತಿನಿಂದ ಎಡಗಾಲು ಊರಿದೆ. ಚಳಿಗಾಲದಲ್ಲಿ ಗಾಡಿಗಳು ಜಾರದಿರಲೆಂದು ಹಿಮದ ಮೇಲೆ ಎರಚಿದ್ದ ಮರಳು ಇನ್ನೂ ಅಲ್ಲೇ ಇತ್ತು. ಕಾಲು ಜಾರಿತು, ಬೈಕು ಮೇವು ಮುಗಿಸಿದ ಹಸುವಿನ ಹಾಗೆ ಅವಸರವಿಲ್ಲದೆ ಪಕ್ಕಕ್ಕೆ ಒರಗಿ ಮಲಗಿತು. ಜೊತೆಗೆ ನಾನೂ ಮಲಗಿದೆ.

ಗಾಜಿನ ಕಿಟಕಿಯ ಆಚೆ ಸಾಲಾಗಿ ಮುಖಗಳು. ಯಾರೂ ನಗಲಿಲ್ಲ. ವಿಸ್ಕಾನ್ಸಿನ್‌ನ ನಮ್ಮ ಕಡೆಯವರು ನಗುವುದಿಲ್ಲ. ನಿಮ್ಮ ಮಾನ ಉಳಿಸಲೆಂದು ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ತಟ್ಟೆ ನೋಡಿಕೊಳ್ಳುತ್ತಾರೆ. ನಕ್ಕಿದ್ದರೇ ವಾಸಿಯಿತ್ತು.

ಎದ್ದು ಬಂದವನು ಆರ್ವಿಲ್ ಟೆಷ್ ಒಬ್ಬನೇ. ಕೊರಳಪಟ್ಟಿಯಲ್ಲಿ ಸಿಕ್ಕಿಸಿದ್ದ ಕರವಸ್ತ್ರವನ್ನೂ ತೆಗೆಯದೆ ಬಂದ. ಬೈಕಿಗೆ ಬೆನ್ನು ಮಾಡಿ, ಕುಕ್ಕರಗಾಲಲ್ಲಿ ಕೂತು, ಸೀಟಿಗೆ ಅಂಡು ಒತ್ತಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟು ಅದನ್ನು ಎಬ್ಬಿಸಿದ. ಎಪ್ಪತ್ತರ ಹತ್ತಿರ ಬಂದ ಮನುಷ್ಯ. ನನಗೆ ಐವತ್ತೆರಡು.

"ಮರಳು," ಅಂದ. ತಪ್ಪು ನನ್ನದಲ್ಲ ಎಂದು ಊರಿಗೆಲ್ಲ ಸಾರಿದ್ದಾಯಿತು. ಆಮೇಲೆ ಮೆಲ್ಲಗೆ, "ಒಂದು ವಿಷಯ ಕೇಳ್ಬೇಕಿತ್ತು, ಮಾರ್ವ್. ಹಳೇ ಬೈಕನ್ನೇ ರಿಪೇರಿ ಮಾಡಿಸೋದೋ, ಹೊಸದು ತಗೊಳ್ಳೋದೋ?"

ಆಗಷ್ಟೇ ಬೈಕು ಕೆಡವಿದವನನ್ನು ಇಂಥ ಪ್ರಶ್ನೆ ಕೇಳುವುದು ಆರ್ವಿಲ್‌ನ ದೊಡ್ಡ ಗುಣ.

ಅವನು ಬದುಕಿಡೀ ದುಡಿದದ್ದು ಚೀಸ್ ಕಾರ್ಖಾನೆಯಲ್ಲಿ. ಚೀಸ್ ಹದವಾಗಲು ಎಷ್ಟು ಕಾಲ ಬೇಕೋ ಅಷ್ಟೇ ಕಾಲ ಅವನ ತೀರ್ಮಾನಗಳಿಗೂ ಬೇಕು. ಮನೆಗೆ ಯಾವ ಬಣ್ಣ ಹೊಡೆಸುವುದೆಂದು ನಾಲ್ಕು ಬೇಸಿಗೆ ಯೋಚಿಸಿ, ಕೊನೆಗೆ ಮೊದಲಿದ್ದ ಬಿಳಿಯನ್ನೇ ಹೊಡೆಸಿ, "ಬದಲಾವಣೆ ಬೇಕಿತ್ತು" ಅಂದವನು.

ಆದರೆ ಈ ಸಲ ಪ್ರಶ್ನೆ ಬೈಕಿನದಷ್ಟೇ ಆಗಿರಲಿಲ್ಲ. ಅವನ ಹೆಂಡತಿ ಲವಾನ್ ಮದುವೆಯಾದಾಗಿನಿಂದ ಅದೇ ಬೈಕಿನ ಹಿಂದಿನ ಸೀಟಿನಲ್ಲಿ ಕೂತವಳು. ಬಲಭುಜ ತಟ್ಟಿದರೆ ನಿಧಾನ, ಎಡಭುಜ ತಟ್ಟಿದರೆ ಅಗೋ ಅಲ್ಲಿ ಒಳ್ಳೇ ಕಡುಬಿನಂಗಡಿ, ನಿಲ್ಲಿಸು ಎಂದರ್ಥ. ಆರ್ವಿಲ್‌ನ ಎಡಭುಜ ಬಲಭುಜಕ್ಕಿಂತ ಒಂದಿಷ್ಟು ತಗ್ಗಿದೆ. ಹೋದ ವರ್ಷ ಅವಳ ಸೊಂಟದ ಕೀಲು ಬದಲಿಸಿದರು. ಅಂದಿನಿಂದ ಕಾಲೆತ್ತಿ ಆಚೆ ಹಾಕಲು ಆಗುತ್ತಿಲ್ಲ.

"ನೀನು ಹೋಗಿ ಬಾ ಆರ್ವಿ, ನಾನು ಮನೇಲಿ ಏನಾದ್ರೂ ಬೇಯಿಸ್ತಿರ್ತೀನಿ," ಅಂದಳಂತೆ. ಅವನು ಒಬ್ಬನೇ ನದಿ ದಾಟಿ ಒಂದು ಸುತ್ತು ಹೋಗಿ ಬಂದ. ಎಲ್ಲೂ ನಿಲ್ಲಲಿಲ್ಲ. ಎಲ್ಲಿ ನಿಲ್ಲಬೇಕೆಂದು ಹೇಳುವವರೇ ಇರಲಿಲ್ಲ.

ವೆಲ್ಡಿಂಗ್ ಮಾಡುವ ಡುವೇನ್ ರಿಪೇರಿ ಪಕ್ಷ. "ಸೀಟು ಕೊಯ್ದು ತಗ್ಗಿಸ್ತೀನಿ, ಸ್ಪ್ರಿಂಗ್ ಬದಲಾಯಿಸ್ತೀನಿ, ಅಜ್ಜಿಗೆ ಸಿಂಹಾಸನ ಮಾಡ್ಕೊಡ್ತೀನಿ ಬಿಡು!" ಎಂದು ಸೀಟು ಕೊಯ್ದ. ಲವಾನ್ ಪ್ರಯತ್ನ ಮಾಡಿದಳು. ಕಾಲು ಅರ್ಧ ಹೋಗಿ ನಿಂತಿತು. "ಪಾಪ, ಡುವೇನ್ ಎಷ್ಟು ಕಷ್ಟಪಟ್ಟ," ಎಂದು ಅವನಿಗೆ ಒಂದು ತಟ್ಟೆ ಸಿಹಿ ಕೊಟ್ಟು ಕಳಿಸಿದಳು. ತನ್ನ ಕೆಲಸ ಗೆದ್ದಿತೆಂದೇ ಅವನು ಇವತ್ತಿಗೂ ನಂಬಿದ್ದಾನೆ.

ನಾನು ಹೊಸದರ ಪಕ್ಷ. ನನ್ನದು ಹೊಸ ಬೈಕು ತಾನೇ. ತಾನು ಮಾಡಿದ ದಡ್ಡತನಕ್ಕೆ ಜೊತೆಗಾರ ಸಿಕ್ಕರೆ ಯಾರಿಗೆ ಬೇಡ? ಗಂಡ ಹೆಂಡತಿ ಇಬ್ಬರನ್ನೂ ಪೇಟೆಯ ಬೈಕಿನಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿ ಟ್ರೆಂಟ್ ಎಂಬ ಮಾರಾಟಗಾರ, ಅರಿಜೋನಾ ಕಡೆಯಿಂದ ಹೊಸದಾಗಿ ಬಂದವನು, ಮೂರು ಚಕ್ರದ ಕೆಂಪು ಗಾಡಿಯೊಂದನ್ನು ತೋರಿಸಿದ. ಹಿಂದಿನ ಸೀಟಿಗೆ ಕೈಯಾನಿಕೆ, ಬೆನ್ನಿಗೆ ಬಿಸಿ, ಕಿವಿಗೆ ಹಾಡು. ಲವಾನ್ ಸಲೀಸಾಗಿ ಹತ್ತಿ ಕೂತಳು. ಅತ್ತ ನೋಡಿದಳು, ಇತ್ತ ನೋಡಿದಳು.

"ಹೂಂ," ಅಂದಳು. "ಬೇರೆ ಥರ ಇದೆ."

ನಮ್ಮ ಕಡೆ ಇದಕ್ಕಿಂತ ಕಟುವಾದ ಮಾತಿಲ್ಲ. ಮೈದುನನ ಎರಡನೇ ಹೆಂಡತಿಯನ್ನು ಮೊದಲ ಸಲ ನೋಡಿದಾಗ ಲವಾನ್ ಅಂದದ್ದು ಇದೇ. ಚರ್ಚಿನ ಹೊಸ ಪಾದ್ರಿ ಪ್ರಾರ್ಥನೆಗೆ ಗಿಟಾರ್ ತಂದ ಭಾನುವಾರ ಊರೆಲ್ಲ ಅಂದದ್ದೂ ಇದೇ. ಆತ ಮುಂದಿನ ವರ್ಷ ಬೇರೆ ಊರಿಗೆ ಹೋದ. ಅಂಗಡಿಯಲ್ಲಿ ಆ ಮಾತು ಕೇಳಿ ಆರ್ವಿಲ್ ಟೋಪಿ ಸರಿಮಾಡಿಕೊಂಡ.

ಟ್ರೆಂಟ್‌ನ ಮುಖ ಮಾತ್ರ ಅರಳಿತು. "ಅಲ್ವಾ ಮೇಡಂ! ಬೇರೇನೇ! ಇಂಥದ್ದು ಎಲ್ಲೂ ಸಿಗಲ್ಲ!"

ಅವನ ಉತ್ಸಾಹಕ್ಕೆ ನೋವಾಗಬಾರದೆಂದು ಆರ್ವಿಲ್, "ಯೋಚನೆ ಮಾಡ್ತೀವಿ," ಅಂದ. ನಮ್ಮ ಭಾಷೆಯಲ್ಲಿ ಇದರ ಅರ್ಥ 'ಬೇಡ' ಎಂದು. ಅರಿಜೋನಾದಲ್ಲಿ ಇದರ ಅರ್ಥ ಇನ್ನೂ ಸ್ವಲ್ಪ ಇಳಿಸು ಎಂದಿರಬೇಕು, ಟ್ರೆಂಟ್ ಬೆಲೆ ಇಳಿಸಿದ. ಆರ್ವಿಲ್ ಗಾಬರಿಯಾಗಿ, "ಅಯ್ಯೋ, ನಿಮಗ್ಯಾಕೆ ನಷ್ಟ," ಅಂದ. ಟ್ರೆಂಟ್ ಇನ್ನೂ ಇಳಿಸಿದ. ಹೊರಡುವ ಮುಂಚೆ ನಮ್ಮ ಕಡೆಯವರೆಲ್ಲ ಮಾಡುವ ಹಾಗೆ ಆರ್ವಿಲ್ ಎರಡೂ ತೊಡೆ ತಟ್ಟಿ "ಸರಿ ಹಾಗಾದ್ರೆ" ಅಂದಾಗ, ವ್ಯಾಪಾರ ಕುದುರಿತೆಂದುಕೊಂಡು ಟ್ರೆಂಟ್ ಅವನ ಕೈ ಹಿಡಿದು ಕುಲುಕಿದ.

"ಶನಿವಾರ ಬನ್ನಿ ಸರ್. ಹಳೇದನ್ನ ಇಲ್ಲಿ ಬಿಟ್ಟು, ಹೊಸದನ್ನ ಓಡಿಸ್ಕೊಂಡು ಹೋಗಿ."

ಕೈ ಕುಲುಕಿದ ಮೇಲೆ ಮುಗಿಯಿತು. ನಮ್ಮಲ್ಲಿ ಸಹಿ ಹಾಕಿದ್ದನ್ನಾದರೂ ಅಳಿಸಬಹುದು.

ಮರುದಿನ ಆರ್ವಿಲ್ ಒಂದು ಪೊಟ್ಟಣ ಮೀನು ಹಿಡಿದು ನಮ್ಮ ಬಾಗಿಲಿಗೆ ಬಂದ. "ಅವಳಿಗೆ ಅದು ಹಿಡಿಸಿಲ್ಲ. ಆದ್ರೆ ಹತ್ತೋಕೆ ಆಯ್ತಲ್ಲ, ಮಾರ್ವ್. ಮತ್ತೆ ನನ್ನ ಜೊತೆ ಬರ್ತಾಳಲ್ಲ. ಅಷ್ಟು ಸಾಕು. ಅವಳಿಗೆ ಹೇಳ್ಬೇಡ."

ಅವನು ಹೋದ ಮೇಲೆ ಲವಾನ್ ಕುಂಬಳದ ಬ್ರೆಡ್ಡು ತಂದಳು. "ಆ ಕೆಂಪು ಸೋಫಾ ಮೇಲೆ ಕೂತ್ರೆ ಅವನ ಭುಜ ನನ್ನ ಕೈಗೆ ಎಟುಕಲ್ಲ ಕಣೋ. ಆದ್ರೆ ಅವನು ಆಸೆಪಟ್ಟು ತಗೊಂಡಿದ್ದಾನೆ. ಏನೂ ಹೇಳ್ಬೇಡ."

ನಾನು ಇಬ್ಬರಿಗೂ ಮಾತು ಕೊಟ್ಟೆ. ಮೀನನ್ನೂ ಬ್ರೆಡ್ಡನ್ನೂ ತಿಂದೆ. ಒಂದು ಸಂಸಾರ ತನಗೆ ಬೇಡದ ಗಾಡಿಯೊಂದನ್ನು ಬರೀ ಮರ್ಯಾದೆಗಾಗಿ ಕೊಳ್ಳುವುದನ್ನು ನೋಡುತ್ತ, ಅಷ್ಟೇ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿದ್ದೆ.

ಶನಿವಾರ ಬೆಳಿಗ್ಗೆ ಜೊತೆಗೆ ಹೋಗೋಣವೆಂದು ನನ್ನ ಬೈಕಿನಲ್ಲಿ ಅವರ ಅಂಗಳಕ್ಕೆ ಹೋದಾಗ, ಆರ್ವಿಲ್ ಬೈಕನ್ನು ಒರೆಸಿ ಒರೆಸಿ ಕನ್ನಡಿ ಮಾಡಿದ್ದ. ಕೊಟ್ಟುಬಿಡುವ ಬೈಕನ್ನು ಯಾಕೆ ಹೀಗೆ ತಿಕ್ಕುತ್ತೀ ಎಂದು ನಾನು ಕೇಳಲಿಲ್ಲ. ಅಷ್ಟರಲ್ಲಿ ಲವಾನ್ ಹಳೆಯ ತೊಗಲಿನ ಜಾಕೆಟ್ಟು ತೊಟ್ಟು, ಹೆಲ್ಮೆಟ್ಟು ಹಾಕಿ, ಕೈಯಲ್ಲಿ ಅಡುಗೆಮನೆಯ ಮೆಟ್ಟಿಲುಮಣೆ ಹಿಡಿದು ಹೊರಗೆ ಬಂದಳು. ಮೇಲಿನ ಗೂಡಿನ ಉಪ್ಪಿನಕಾಯಿ ಜಾಡಿ ಇಳಿಸಿಕೊಳ್ಳಲು ಇಟ್ಟುಕೊಂಡದ್ದು ಅದು.

"ಇದೇನೇ?" ಅಂದ ಆರ್ವಿಲ್.

"ಕೊನೇ ಸವಾರಿ ತಾನೇ. ಕೊಟ್ಟು ಬರೋಕೆ ನಾನೂ ಬರ್ತೀನಿ. ಅಲುಗಾಡಿಸ್ದೆ ಹಿಡ್ಕೋ."

ಅವನು ಬೈಕನ್ನು ನೆಟ್ಟಗೆ ಹಿಡಿದು ಕೂತ. ಅವಳು ಮಣೆಯ ಮೇಲಿನ ಮೆಟ್ಟಿಲಿಗೆ ಹತ್ತಿ ನಿಂತಳು. ಅಲ್ಲಿಂದ ನೋಡಿದರೆ ಡುವೇನ್ ತಗ್ಗಿಸಿದ ಸೀಟು ಅವಳ ಮೊಣಕಾಲಿನಷ್ಟೇ ಎತ್ತರ. ಗದ್ದೆಯ ಬದು ದಾಟುವವಳಂತೆ ಕಾಲು ದಾಟಿಸಿ ಕೂತುಬಿಟ್ಟಳು. ಆಮೇಲೆ ಅವಳು ಅವನ ಎಡಭುಜ ತಟ್ಟಿದಳು.

"ಕಡುಬಿನಂಗಡಿ ಇನ್ನೂ ಬಂದಿಲ್ವಲ್ಲೇ," ಅಂದ ಅವನು.

"ಸುಮ್ಮನೆ. ಭುಜ ಅಲ್ಲೇ ಇದೆಯೋ ಇಲ್ವೋ ನೋಡ್ದೆ."

ಪೇಟೆಗೆ ನೇರ ದಾರಿಯಿದೆ. ನಾವು ಆ ದಾರಿಯಲ್ಲಿ ಹೋಗಲಿಲ್ಲ. ಹೊಳೆಯಂಚಿನ ಸುತ್ತು ದಾರಿ ಹಿಡಿದೆವು; ಆಪಲ್ ಕಡುಬಿನ ಕಿಟಕಿಯಂಗಡಿಯೊಂದರ ಮುಂದೆ ಎಂಜಿನ್ ಆರಿಸದೆ ನಿಂತೆವು. ಇಳಿದು ಹೋಗಿ ಕಡುಬು ತಂದವನು ನಾನು. ಅವಳು ಕೂತಲ್ಲೇ ತಿಂದು, ಪುಡಿಯನ್ನು ಗಂಡನ ಬೆನ್ನಿಗೆ ಒರೆಸಿದಳು.

ಅಂಗಡಿ ತಲುಪುವಾಗ ಮಧ್ಯಾಹ್ನ. ಕೆಂಪು ಗಾಡಿಗೆ ಬಲೂನು ಕಟ್ಟಿ ನಿಲ್ಲಿಸಿದ್ದರು. ಟ್ರೆಂಟ್ ಕೈಚಾಚಿ ಓಡಿಬಂದ. "ಬನ್ನಿ ಬನ್ನಿ! ಕೀಲಿಕೈ ಕೊಡಿ ಸರ್."

ಆರ್ವಿಲ್ ಎಂಜಿನ್ ಆರಿಸಿದ, ಆದರೆ ಕೆಳಗಿಳಿಯಲಿಲ್ಲ. "ಇವಳು ಇನ್ನೂ ಮೇಲಿದ್ದಾಳೆ," ಅಂದ.

"ಮೇಡಂ ಇಳೀಲಿ, ಪರವಾಗಿಲ್ಲ, ಕಾಯ್ತೀನಿ."

"ಇಳಿಯೋಕಾಗಲ್ಲಪ್ಪ," ಅಂದಳು ಲವಾನ್, ತುಂಬ ಸಂಕೋಚದಿಂದ. "ಸೊಂಟ. ನನ್ನ ಮಣೆ ಮನೇಲೇ ಉಳೀತು."

"ಒಳಗೆ ಕುರ್ಚಿ ಇದೆ, ತರ್ಲಾ?"

"ಛೆ, ನಿಮಗ್ಯಾಕೆ ತೊಂದರೆ."

"ತೊಂದರೆ ಏನಿಲ್ಲ ಮೇಡಂ, ತರ್ತೀನಿ?"

"ಬೇಡಪ್ಪ, ಬಿಸಿಲು ಬೇರೆ."

ನಮ್ಮ ಕಡೆ ಯಾವುದನ್ನೇ ಆಗಲಿ ಎರಡು ಸಲ ಬೇಡವೆಂದು, ಮೂರನೇ ಸಲಕ್ಕೆ ಒಪ್ಪಿಕೊಳ್ಳುವುದು ಪದ್ಧತಿ. ಟ್ರೆಂಟ್ ಎರಡೇ ಸಲ ಕೇಳಿದ. ಮೂರನೇ ಸಲ ಕೇಳಿದ್ದರೆ ಏನಾಗುತ್ತಿತ್ತೋ, ನಾನಂತೂ ನನ್ನ ಬೂಟು ನೋಡಿಕೊಳ್ಳುತ್ತ ನಿಂತಿದ್ದೆ.

"ಹಾಗಿದ್ರೆ ಇವಳನ್ನ ಮನೆಗೆ ಬಿಡ್ಬೇಕಾಗುತ್ತೆ," ಎಂದು ಆರ್ವಿಲ್ ತುಂಬ ಬೇಸರದ ಮುಖ ಮಾಡಿದ. ಎಂಜಿನ್ ಮತ್ತೆ ಗುಡುಗಿತು. ಲವಾನ್ ಬಲೂನುಗಳ ಕಡೆ ನೋಡಿ, ಎಷ್ಟು ಚೆನ್ನಾಗಿ ಕಟ್ಟಿದ್ದೀರಿ ಎಂದು ಮನಸಾರೆ ಹೊಗಳಿದಳು.

ಟ್ರೆಂಟ್‌ಗೆ ದಿಕ್ಕು ತೋಚಲಿಲ್ಲ. ಹೊರಟ ಬೈಕಿನ ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡುತ್ತ, "ಸರ್, ಮತ್ತೆ ಈ ಬೈಕನ್ನ ಯಾವಾಗ ತಂದು ಕೊಡ್ತೀರಿ?" ಅಂದ.

"ಅವಳು ಇಳಿದ ಮೇಲೆ," ಅಂದ ಆರ್ವಿಲ್.