ಬಾವಿಯ ಮೇಲಿನ ಆಟೋ ಸ್ಟ್ಯಾಂಡ್

ನನ್ನ ಮೊಮ್ಮಗಳು ಹುಟ್ಟಿದ್ದು ಸುಡುಬೇಸಿಗೆಯಲ್ಲಿ. ಆಸ್ಪತ್ರೆಯಿಂದ ಮಗಳನ್ನೂ ಮಗುವನ್ನೂ ಮನೆಗೆ ಕರೆತಂದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಣಿಯ ಮನೆಮನೆಗೂ ಹೋಗಿ, "ಬನ್ನಿ, ನೋಡಿ, ಮೂಗು ನನ್ನದೇ!" ಎಂದು ಹೇಳಿ ಬಂದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೆ ಬಾಣಂತಿಯನ್ನೂ ಮಗುವನ್ನೂ ಮೀಯಿಸುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಹಂಡೆ ತುಂಬ ನೀರು ಕಾಯಿಸಿ ಮಗಳ ಬೆನ್ನಿಗೆ ಬಿಸಿಬಿಸಿ ಹೊಯ್ಯಬೇಕು, ಕಾಲು ಚಾಚಿ ಕುಳಿತು ಮಗುವನ್ನು ಅದರ ಮೇಲೆ ಮಲಗಿಸಿ ಮೀಯಿಸಬೇಕು ಎಂದು ಎಷ್ಟು ತಿಂಗಳಿಂದ ಕಾದಿದ್ದೆ!

ಹಂಡೆಗೆ ತುಂಬಿಸಲು ನಳ್ಳಿ ತಿರುಗಿಸಿ ಒಂದು ಹನಿ ಬಾಯಿಗೆ ಹಾಕಿಕೊಂಡೆ. ಉಪ್ಪು.

ನಮ್ಮ ಪೇಟೆಯ ನಳ್ಳಿಗೆ ಬರುವುದು ಹೊಳೆಯ ನೀರು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಕಡಲ ನೀರು ಒಳಗೆ ಏರಿ ಬರುತ್ತದೆ. ನಮ್ಮ ಓಣಿಗೆ ನಳ್ಳಿ ಬಂದ ಮೇಲೆ ಅದು ಮೊದಲ ಬೇಸಿಗೆ. ಅದಕ್ಕೆ ಮುಂಚೆ ನಮಗೆಲ್ಲ ಓಣಿ ತುದಿಯ ಸರಕಾರಿ ಬಾವಿಯೇ ಗತಿ. ಅದರ ನೀರು ಸುಡುಬೇಸಿಗೆಯಲ್ಲೂ ಸಿಹಿ.

ಆ ಬಾವಿಯ ವಿಷಯಕ್ಕೆ ವಾರ್ಡು ಸಭೆ ಸೇರಿದ್ದು ಹಿಂದಿನ ವರ್ಷದ ಆಟಿ ತಿಂಗಳಲ್ಲಿ, ಜಡಿಮಳೆಯ ನಡುವೆ. ಜನ ಕಸ ಎಸೆಯುತ್ತಾರೆ, ಮಕ್ಕಳು ಇಣುಕುತ್ತಾರೆ, ಹೇಗೂ ಮನೆಮನೆಗೆ ನಳ್ಳಿ ಬಂತಲ್ಲ, ಮುಚ್ಚಿಬಿಡೋಣ ಎಂದು ಮಾತು. ಒಂದು ಚೆಂಬು ನಳ್ಳಿ ನೀರನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರೂ ಕುಡಿದು ನೋಡಿದೆವು. ಎಳನೀರಿನಷ್ಟು ಸಿಹಿ. ತುಂಬಿದ ಹೊಳೆ ಕಡಲನ್ನೇ ಹೊರಗೆ ನೂಕುವ ತಿಂಗಳಲ್ಲಿ ಇನ್ನು ಹೇಗಿದ್ದೀತು? ಬೇಸಿಗೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಪಕ್ಕದ ಮನೆಯ ಬ್ಯಾರಿ ಅಜ್ಜಿ ಮಾತ್ರ, "ಮುಚ್ಚುವುದು ಎಂತಕ್ಕೆ? ಕಬ್ಬಿಣದ ಬಲೆ ಹಾಕಿದರೆ ಸಾಲದಾ?" ಎಂದರು.

"ಹಗ್ಗ ಎಳೆಯದಿದ್ದರೆ ಅಜ್ಜಿಗೆ ಕೈ ತುರಿಸುತ್ತದೆ ಮಾರಾಯ್ರೆ," ಎಂದ ನನ್ನ ಮಗ. ಸಭೆಯೆಲ್ಲ ನಕ್ಕಿತು.

ಬಾವಿಯ ಮೇಲೆ ಕಾಂಕ್ರೀಟು ಬಿತ್ತು. ಆ ಜಾಗ ಆಟೋ ಸ್ಟ್ಯಾಂಡ್ ಆಯಿತು. ಮಗ ಆಟೋ ಓಡಿಸುವವನು. ಬಿಸಿಲಲ್ಲಿ ಅಲೆಯುತ್ತಿದ್ದವನಿಗೆ ನಿಲ್ಲಲು ಜಾಗ ಸಿಕ್ಕಿತೆಂದು ನನಗೂ ಸಮಾಧಾನವಾಗಿತ್ತು.

ಮಗುವನ್ನು ನೋಡಲು ನಮ್ಮ ವಾರ್ಡಿನ ಕೌನ್ಸಿಲರಮ್ಮ ಬಂದರು. ಚಾ ಕೊಟ್ಟೆ. ಒಂದು ಗುಟುಕು ಕುಡಿದು ನಕ್ಕರು. "ನಮ್ಮಲ್ಲಿಯೂ ಇದೇ ರುಚಿ, ಅಮ್ಮ."

"ಆ ಬಾವಿಯನ್ನು ಒಮ್ಮೆ ತೆರೆಸಿ ಕೊಡಿ. ಈ ಕೂಸು ಮೀಯುವಷ್ಟು ದಿನ ಸಾಕು."

"ತೆರೆಸಬೇಕಾದರೆ ಕೌನ್ಸಿಲಿನಲ್ಲಿ ಪಾಸಾಗಬೇಕು. ಆಟೋದವರಿಗೆ ಬೇರೆ ಜಾಗ ತೋರಿಸದೆ ಅದು ಆಗುವ ಹೋಗುವ ಮಾತಲ್ಲ. ಪೇಟೆಯಲ್ಲಿ ಜಾಗ ಎಲ್ಲಿ ಉಂಟು? ನಿಮ್ಮ ಮಗನನ್ನೇ ಕೇಳಿ."

ಬಾಗಿಲಲ್ಲಿ ನಿಂತಿದ್ದ ಮಗ ತಲೆ ತಗ್ಗಿಸಿದ. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಮರುದಿನದಿಂದ ಮಳೆ ಹಿಡಿಯುವವರೆಗೂ ಅವನು ಕಡಲಿಂದ ದೂರದ ಮಧೂರಿನ ನೆಂಟರ ಬಾವಿಯಿಂದ ಕ್ಯಾನಿನಲ್ಲಿ ನೀರು ತಂದ. ಅದು ಕುಡಿಯಲು, ಅನ್ನಕ್ಕೆ, ಮತ್ತೆ ಮಗುವಿಗೆ. ಮಗಳ ಬೆನ್ನಿಗೆ ನಳ್ಳಿಯ ನೀರನ್ನೇ ಹೊಯ್ದೆ. "ಇರಲಿ ಬಿಡಮ್ಮ, ಕಡಲಲ್ಲಿ ಮಿಂದ ಹಾಗೆ ಉಂಟು," ಎಂದಳು ಅವಳು. ನನಗೆ ನಗು ಬರಲಿಲ್ಲ.

ಬೆಚ್ಚಗಿನ ನೀರು ಮೈಗೆ ತಾಗಿದೊಡನೆ ಕೂಸು ಅಳು ನಿಲ್ಲಿಸಿ ಕಣ್ಣರಳಿಸುತ್ತಿತ್ತು. ಆ ಮುಖ ನೋಡಿ ನನ್ನ ಎದೆ ಉಕ್ಕಿ ಬರುತ್ತಿತ್ತು. ಅಷ್ಟರಲ್ಲಿ ನೀರು ಮುಗಿಯುತ್ತಿತ್ತು. ಇನ್ನೂ ಬೇಕು ಎಂಬಂತೆ ಅದು ಕಾಲು ಬಡಿಯುತ್ತಿದ್ದಾಗಲೇ ನಾನು ಬಟ್ಟೆಯಲ್ಲಿ ಸುತ್ತಿಬಿಡುತ್ತಿದ್ದೆ.